ಥಿನ್ ಲಿಜ್ಜಿ: ಜೋಡಿ ಗಿಟಾರ್‌ಗಳ ಬಳಗ, ಮರೆಯದ ಅಭಿಮಾನಿಗಳು

ಐರ್ಲೆಂಡಿನ ರಾಜಧಾನಿ ಡಬ್ಲಿನ್ ನಗರದ ಗ್ರಾಫ್ಟನ್ ಬೀದಿಗೆ ಹೊಂದಿಕೊಂಡಂತೆ ಹ್ಯಾರಿ ಬೀದಿ ಎಂಬ ಚಿಕ್ಕ ರಸ್ತೆಯೊಂದಿದೆ. ಅಲ್ಲಿ ಯಾವ ಪೀಠದ ಆಡಂಬರವೂ ಇಲ್ಲದೆ, ದಾರಿಹೋಕರ ನಡುವೆಯೇ ನಿಂತಂತೆ ಆಳೆತ್ತರದ ಕಂಚಿನ ಪ್ರತಿಮೆಯೊಂದನ್ನು ಕಾಣಬಹುದು. ತೆಳ್ಳನೆಯ ಮೈಕಟ್ಟು, ಗುಂಗುರು ಕೂದಲು, ಪಕ್ಕದಲ್ಲಿ ಬಾಸ್ ಗಿಟಾರ್. ಥಿನ್ ಲಿಜ್ಜಿ ಬಳಗದ ನಾಯಕ, ಗಾಯಕ ಹಾಗೂ ಗೀತರಚನಕಾರ ಫಿಲ್ ಲೈನಟ್ ಅವರ ಈ ಪ್ರತಿಮೆಯನ್ನು ರೂಪಿಸಿದವರು ಶಿಲ್ಪಿ ಪಾಲ್ ಡೇಲಿ. 2005ರ ಆಗಸ್ಟ್ 19ರಂದು ಲೈನಟ್ ಅವರ ತಾಯಿ ಫಿಲೊಮಿನಾ ಅದನ್ನು ಅನಾವರಣ ಮಾಡಿದರು. ಅಂದಿನಿಂದ ದೂರದೂರದ ಊರುಗಳಿಂದ ಬರುವ ಅಭಿಮಾನಿಗಳು, ಗಿಟಾರ್ ಮೀಟುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಪ್ರತಿಮೆಯ ಬಳಿ ಇಟ್ಟು ಹೋಗುತ್ತಾರೆ. ನಮ್ಮಲ್ಲಿ ಸಮಾಧಿಯ ಮೇಲೆ ಹೂವಿಡುವ ಹಾಗೆ.

ಇಡುವ ಕಾಣಿಕೆ ಗಿಟಾರ್ ಬಿಲ್ಲೆಯೇ ಆಗಿರುವುದು ಅರ್ಥಪೂರ್ಣ. ಥಿನ್ ಲಿಜ್ಜಿ ಎಂದರೆ ಲೈನಟ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಳಗದ ನಾದವನ್ನು ಕೇಳುಗರ ಕಿವಿಯಲ್ಲಿ ಉಳಿಸಿದ್ದು ಗಿಟಾರ್‌ವಾದಕರು. 1971ರಿಂದ 1983ರವರೆಗೆ ಬಳಗ ಹೊರತಂದ 12 ಸ್ಟುಡಿಯೋ ಆಲ್ಬಂಗಳಲ್ಲಿ ಕಾಯಂ ಸದಸ್ಯರಾಗಿ ಗಿಟಾರ್ ನುಡಿಸಿದವರು ಆರು ಮಂದಿ. ಸಂಗೀತ ಪ್ರವಾಸಗಳಲ್ಲಿ ಮಾತ್ರ ಕೈಜೋಡಿಸಿ ಹೋದವರು ಬೇರೆ. ಇಷ್ಟೊಂದು ಜನ ಬಂದುಹೋದ ಬಳಗವೊಂದು ತನ್ನ ಗುರುತನ್ನು ಕಳೆದುಕೊಳ್ಳಬೇಕಿತ್ತು. ಇಲ್ಲಿ ಆದದ್ದು ಅದಕ್ಕೆ ವಿರುದ್ಧ. ಒಬ್ಬೊಬ್ಬ ವಾದಕನಿಗೂ ಒಂದೊಂದು ಅಭಿಮಾನಿ ವರ್ಗ ಹುಟ್ಟಿಕೊಂಡಿತು. ಆ ವರ್ಗಗಳ ನಡುವಿನ ಪ್ರೀತಿಯ ಜಗಳವೇ ಬಳಗವನ್ನು ಅರ್ಧ ಶತಮಾನದಿಂದ ಜೀವಂತವಾಗಿ ಇರಿಸಿದೆ.

ಕ್ರಮ್ಲಿನ್ ಬಡಾವಣೆಯ ಹುಡುಗರು

ಲೈನಟ್ ಹುಟ್ಟಿದ್ದು 1949ರ ಆಗಸ್ಟ್ 20ರಂದು, ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ. ತಾಯಿ ಐರಿಷ್, ತಂದೆ ಅಂದಿನ ಬ್ರಿಟಿಷ್ ಗಯಾನಾ ಮೂಲದವರು. ಮಗುವನ್ನು ಡಬ್ಲಿನ್‌ನ ಕ್ರಮ್ಲಿನ್ ಬಡಾವಣೆಯಲ್ಲಿ ಬೆಳೆಸಿದವರು ಅಜ್ಜಿ ಸಾರಾ. 1950ರ ದಶಕದ ಡಬ್ಲಿನ್‌ನಲ್ಲಿ ಕಪ್ಪು ಬಣ್ಣದ ಹುಡುಗನೊಬ್ಬ ಎಷ್ಟು ಎದ್ದು ಕಾಣುತ್ತಿದ್ದನೆಂಬುದನ್ನು ಊಹಿಸಬಹುದು. ಆದರೂ ಮುಂದೆ ಐರಿಷ್ ಪುರಾಣ, ಜಾನಪದ ಮತ್ತು ಡಬ್ಲಿನ್‌ನ ಬೀದಿಮಾತನ್ನು ರಾಕ್ ಸಂಗೀತಕ್ಕೆ ತಂದವರಲ್ಲಿ ಅಗ್ರಗಣ್ಯನೆನಿಸಿದವನು ಈ ಹುಡುಗನೇ. ಶಾಲೆಯ ದಿನಗಳ ಗೆಳೆಯ ಬ್ರಯಾನ್ ಡೌನಿ ಡ್ರಮ್ಸ್‌ವಾದಕರಾಗಿ ಕೊನೆಯವರೆಗೂ ಜೊತೆಗಿದ್ದರು.

1969ರ ಕೊನೆಯಲ್ಲಿ ಇವರಿಬ್ಬರನ್ನು ಸೇರಿಕೊಂಡವರು ಬೆಲ್‌ಫಾಸ್ಟ್‌ನ ಗಿಟಾರ್‌ವಾದಕ ಎರಿಕ್ ಬೆಲ್ ಮತ್ತು ಕೀಬೋರ್ಡ್‌ವಾದಕ ಎರಿಕ್ ರಿಕ್ಸನ್. ರಿಕ್ಸನ್ ಬಹುಬೇಗ ಹೊರನಡೆದರು. ಬಳಗದ ಹೆಸರಿನ ಕತೆ ಸ್ವಾರಸ್ಯಕರವಾಗಿದೆ. ‘ದಿ ಡ್ಯಾಂಡಿ’ ಎಂಬ ಮಕ್ಕಳ ಚಿತ್ರಪತ್ರಿಕೆಯಲ್ಲಿ ಟಿನ್ ಲಿಜ್ಜಿ ಎಂಬ ಯಂತ್ರಮಾನವ ಪಾತ್ರವಿತ್ತು. ಡಬ್ಲಿನ್‌ನ ಜನ ‘ಥ’ಕಾರವನ್ನು ‘ಟ’ಕಾರವಾಗಿ ಉಚ್ಚರಿಸುತ್ತಾರೆ. ಹಾಗಾಗಿ ಬರೆಯುವಾಗ ‘ಥಿನ್’ ಎಂದೇ ಬರೆದರೂ ಊರಿನವರ ಬಾಯಲ್ಲಿ ಅದು ‘ಟಿನ್’ ಆಗಿಯೇ ಉಳಿಯುತ್ತದೆಂಬುದು ಇದರಲ್ಲಿದ್ದ ಚೇಷ್ಟೆ.

ಬಳಗಕ್ಕೆ ಮೊದಲ ಯಶಸ್ಸು ತಂದ ಹಾಡು ಅವರದೇ ಅಲ್ಲ. ‘ವಿಸ್ಕಿ ಇನ್ ದ ಜಾರ್’ ಐರ್ಲೆಂಡಿನ ಹಳೆಯ ಜನಪದ ಗೀತೆ, ದಾರಿಗಳ್ಳನೊಬ್ಬನ ಕತೆ. 1972ರ ನವೆಂಬರ್‌ನಲ್ಲಿ ಬಿಡುಗಡೆಯಾದ ಇದು ಮರುವರ್ಷದ ಆರಂಭದಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಧ್ವನಿಮುದ್ರಣ ಸಂಸ್ಥೆ ಇದನ್ನೇ ಮುಖ್ಯ ಹಾಡಾಗಿ ಆರಿಸಿದ್ದು ಬಳಗಕ್ಕೆ ಅಷ್ಟಾಗಿ ಹಿಡಿಸಿರಲಿಲ್ಲ. ಆದರೆ ಹಾಡಿನ ಆರಂಭದಲ್ಲಿ ಬೆಲ್ ಕಟ್ಟಿದ ಗಿಟಾರ್ ಎಳೆ, ಮೂಲ ಜನಪದ ಧಾಟಿಯಲ್ಲಿ ಎಲ್ಲೂ ಇಲ್ಲದ ಒಂದು ವಿಷಾದವನ್ನು ಅದಕ್ಕೆ ತುಂಬಿತು. ಇಂದು ಜಗತ್ತಿನ ಬಹುಪಾಲು ಕೇಳುಗರಿಗೆ ಆ ಎಳೆಯಿಲ್ಲದೆ ಹಾಡೇ ಇಲ್ಲ. ಅಮೆರಿಕದ ಮೆಟಾಲಿಕಾ ಬಳಗ 1998ರಲ್ಲಿ ಇದನ್ನು ತನ್ನದಾಗಿಸಿಕೊಂಡು 2000ದಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅವರು ಆಧಾರವಾಗಿ ಇಟ್ಟುಕೊಂಡದ್ದು ಕೂಡ ಲಿಜ್ಜಿಯ ರೂಪವನ್ನೇ.

ಖ್ಯಾತಿ ಬೆಲ್ ಅವರಿಗೆ ಹಿತವಾಗಲಿಲ್ಲ. ಪ್ರವಾಸ, ಮದ್ಯ, ಮಾದಕ ವಸ್ತುಗಳು ಸೇರಿ ಅವರನ್ನು ಹಣ್ಣಾಗಿಸಿದ್ದವು. 1973ರ ಡಿಸೆಂಬರ್ 31ರ ರಾತ್ರಿ ತವರೂರು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಕಚೇರಿ ನಡೆಯುತ್ತಿದ್ದಾಗಲೇ ಗಿಟಾರನ್ನು ಮೇಲಕ್ಕೆಸೆದು ವೇದಿಕೆಯಿಂದ ಇಳಿದುಬಿಟ್ಟರು. ಉಳಿದ ಪ್ರವಾಸಕ್ಕೆ ಆಪದ್ಬಾಂಧವರಾಗಿ ಬಂದವರು ಅದೇ ಬೆಲ್‌ಫಾಸ್ಟ್‌ನ ಗ್ಯಾರಿ ಮೂರ್. ಅವರ ಹೆಸರು ಮುಂದೆಯೂ ಮತ್ತೆ ಮತ್ತೆ ಬರುತ್ತದೆ.

ಒಂದು ಗಿಟಾರ್ ಹೋಗಿ ಎರಡು ಬಂದವು

1974ರಲ್ಲಿ ಲೈನಟ್ ಮತ್ತು ಡೌನಿ ಒಬ್ಬರ ಬದಲಿಗೆ ಇಬ್ಬರು ಗಿಟಾರ್‌ವಾದಕರನ್ನು ತೆಗೆದುಕೊಂಡರು. ಒಬ್ಬ ಕೈಕೊಟ್ಟರೂ ಇನ್ನೊಬ್ಬನಿರಲಿ ಎಂಬ ಮುಂಜಾಗ್ರತೆಯೇ ಇದಕ್ಕೆ ಕಾರಣವೆಂದು ಅಭಿಮಾನಿಗಳು ಇಂದಿಗೂ ಹೇಳಿ ನಗುವುದುಂಟು. ಕಾರಣ ಏನೇ ಇರಲಿ, ಫಲ ಮಾತ್ರ ಯಾರೂ ಎಣಿಸದಂಥದ್ದಾಗಿತ್ತು. ಬಂದವರಲ್ಲಿ ಒಬ್ಬರು ಸ್ಕಾಟ್ಲೆಂಡಿನ ಬ್ರಯಾನ್ ರಾಬರ್ಟ್‌ಸನ್. ಆಗ ಅವರಿಗೆ 18 ವರ್ಷ. ಇನ್ನೊಬ್ಬರು ಕ್ಯಾಲಿಫೋರ್ನಿಯಾದ ಸ್ಕಾಟ್ ಗೋರಮ್. ಭಾವಮೈದುನನಿದ್ದ ಸೂಪರ್‌ಟ್ರ್ಯಾಂಪ್ ಬಳಗದಲ್ಲಿ ಅವಕಾಶ ಸಿಗಬಹುದೆಂದು ಇಂಗ್ಲೆಂಡಿಗೆ ಬಂದು, ಅದು ಕೈಗೂಡದೆ, ಲಂಡನ್ನಿನ ಪಬ್‌ಗಳಲ್ಲಿ ನುಡಿಸಿಕೊಂಡಿದ್ದವರು ಅವರು.

ಇವರಿಬ್ಬರಿಂದ ರೂಪುಗೊಂಡ ಶೈಲಿಯನ್ನು ‘ಜೋಡಿ ಗಿಟಾರ್’ ಎಂದು ಕರೆಯುತ್ತಾರೆ. ಕನ್ನಡದ ಓದುಗರು ಇದನ್ನು ಜುಗಲ್‌ಬಂದಿ ಎಂದು ಭಾವಿಸಬಾರದು. ಜುಗಲ್‌ಬಂದಿಯಲ್ಲಿ ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾರೆ, ಇಲ್ಲವೇ ಇಬ್ಬರೂ ಕೂಡಿ ಒಂದೇ ಸ್ವರವನ್ನು ಹಿಡಿಯುತ್ತಾರೆ. ಲಿಜ್ಜಿಯ ಕ್ರಮದಲ್ಲಿ ಇಬ್ಬರೂ ಒಂದೇ ಧಾಟಿಯನ್ನು ಒಂದೇ ಹೊತ್ತಿಗೆ, ಆದರೆ ಬೇರೆ ಬೇರೆ ಸ್ವರಗಳಿಂದ ನುಡಿಸುತ್ತಾರೆ. ಒಬ್ಬರು ಷಡ್ಜದಲ್ಲಿದ್ದರೆ ಇನ್ನೊಬ್ಬರು ಅದೇ ಕ್ಷಣ ಗಾಂಧಾರದಲ್ಲಿ. ಅವರು ರಿಷಭಕ್ಕೆ ಏರಿದರೆ ಇವರು ಮಧ್ಯಮಕ್ಕೆ. ಎರಡು ಹಕ್ಕಿಗಳು ಅಂತರ ಬಿಡದೆ ಜೊತೆಯಾಗಿ ಹಾರಿದಂತೆ ಎರಡು ಎಳೆಗಳೂ ಸಾಗುತ್ತವೆ. ಆಗ ಕಿವಿಗೆ ಬೀಳುವುದು ಎರಡು ಗಿಟಾರ್‌ಗಳಲ್ಲ. ಹಾಡಬಲ್ಲ ಮೂರನೆಯ ವಾದ್ಯವೊಂದರ ದನಿ.

ಇದನ್ನು ಲಿಜ್ಜಿಯೇ ಮೊದಲು ಕಂಡುಹಿಡಿಯಿತೆಂದು ಹೇಳುವಂತಿಲ್ಲ. ಅಮೆರಿಕದ ಆಲ್ಮನ್ ಬ್ರದರ್ಸ್, ಇಂಗ್ಲೆಂಡಿನ ವಿಶ್‌ಬೋನ್ ಆ್ಯಶ್ ಬಳಗಗಳು ಇದಕ್ಕೂ ಮೊದಲೇ ಈ ಕ್ರಮವನ್ನು ಬಳಸಿದ್ದವು. ಆದರೆ ಆ ಬಳಗಗಳಲ್ಲಿ ಜೋಡಿ ಗಿಟಾರ್ ದೀರ್ಘ ವಾದನದ ಭಾಗವಾಗಿತ್ತು. ಲಿಜ್ಜಿ ಅದನ್ನು ನಾಲ್ಕು ನಿಮಿಷದ ಹಾಡಿನೊಳಗೆ, ಲೈನಟ್ ಅವರ ಕತೆ ಹೇಳುವ ದನಿಯ ಬೆನ್ನಿಗೇ ತಂದು ನಿಲ್ಲಿಸಿತು. 1976ರ ‘ಜೇಲ್‌ಬ್ರೇಕ್’ ಆಲ್ಬಂನ ‘ದ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್’ ಇದಕ್ಕೆ ಶ್ರೇಷ್ಠ ಉದಾಹರಣೆ. ಊರಿಗೆ ಮರಳಿದ ಗೆಳೆಯರ ಗುಂಪಿನ ಬಗೆಗಿನ ಈ ಹಾಡು ಬ್ರಿಟನ್ನಿನಲ್ಲಿ 8ನೇ, ಅಮೆರಿಕದಲ್ಲಿ 12ನೇ ಸ್ಥಾನ ಗಳಿಸಿತು. ಮಾತು ಮರೆತವರೂ ಆ ಗಿಟಾರ್ ಎಳೆಯನ್ನು ಗುನುಗುತ್ತಾರೆ. ಅದೇ ಆಲ್ಬಂನ ‘ಎಮರಾಲ್ಡ್’ನ ಕೊನೆಯಲ್ಲಿ ಮಾತ್ರ ಗೋರಮ್ ಮತ್ತು ರಾಬರ್ಟ್‌ಸನ್ ಸರದಿಯಂತೆ ಸವಾಲು-ಜವಾಬು ನುಡಿಸುತ್ತಾರೆ. ನಮ್ಮ ಜುಗಲ್‌ಬಂದಿಗೆ ಹತ್ತಿರವಾದದ್ದೇನಾದರೂ ಲಿಜ್ಜಿಯಲ್ಲಿದ್ದರೆ ಅದು ಅಲ್ಲಿ.

ಸ್ವಭಾವದಲ್ಲಿ ಇಬ್ಬರೂ ಉತ್ತರ-ದಕ್ಷಿಣ. ಗೋರಮ್ ಅವರದು ನುಣುಪಾದ, ಅಳೆದು ತೂಗಿದ ನುಡಿಸಾಣಿಕೆ. ರಾಬರ್ಟ್‌ಸನ್ ಅವರದು ಕಾಲಡಿಯ ‘ವಾ-ವಾ’ ಪೆಡಲ್ ತುಳಿದು ಗಿಟಾರಿನಿಂದ ಅಳು, ಕೇಕೆ ಎಲ್ಲವನ್ನೂ ಹೊರಡಿಸುವ ಬಿಸಿರಕ್ತದ ವಾದನ. ಆ ಬಿಸಿರಕ್ತ ವೇದಿಕೆಗಷ್ಟೇ ಸೀಮಿತವಾಗಿರಲಿಲ್ಲವೆಂಬುದೇ ದುರಂತ. 1976ರ ಕೊನೆಯಲ್ಲಿ, ಅಮೆರಿಕ ಪ್ರವಾಸಕ್ಕೆ ಹೊರಡುವ ಹೊತ್ತಿನಲ್ಲಿ, ಲಂಡನ್ನಿನ ಕ್ಲಬ್ಬೊಂದರ ಜಗಳದಲ್ಲಿ ಅವರ ಕೈಗೆ ಗಾಯವಾಗಿ ಪ್ರವಾಸವೇ ರದ್ದಾಯಿತು. ಅದೇ ವರ್ಷ ಲೈನಟ್ ಅವರ ಕಾಮಾಲೆಯಿಂದಾಗಿ ಒಂದು ಅಮೆರಿಕ ಪ್ರವಾಸ ಅದಾಗಲೇ ಅರ್ಧಕ್ಕೆ ನಿಂತಿತ್ತು. ಅಮೆರಿಕದಲ್ಲಿ ಲಿಜ್ಜಿ ಒಂದು ಹಾಡಿನ ಬಳಗವಾಗಿಯೇ ಉಳಿದುದಕ್ಕೆ ಈ ಎರಡು ತಪ್ಪಿದ ಪ್ರವಾಸಗಳೇ ಕಾರಣವೆಂಬುದು ಅಭಿಮಾನಿಗಳ ವಾದ. ಅದನ್ನು ತಳ್ಳಿಹಾಕುವುದು ಕಷ್ಟ. 1977ರ ಆರಂಭದಲ್ಲಿ ಕ್ವೀನ್ ಬಳಗದೊಡನೆ ಅಮೆರಿಕಕ್ಕೆ ಹೋದಾಗ ರಾಬರ್ಟ್‌ಸನ್ ಅವರ ಜಾಗದಲ್ಲಿದ್ದವರು ಮತ್ತದೇ ಗ್ಯಾರಿ ಮೂರ್. ಅದೇ ವರ್ಷದ ‘ಬ್ಯಾಡ್ ರೆಪ್ಯುಟೇಷನ್’ ಆಲ್ಬಂನ ಹೊದಿಕೆಯ ಮೇಲೆ ನಾಲ್ವರ ಬದಲಿಗೆ ಮೂವರ ಚಿತ್ರವಷ್ಟೇ ಇದೆ.

ಯಾರ ವಾದನ ದೊಡ್ಡದು?

ಲಿಜ್ಜಿ ಅಭಿಮಾನಿಗಳು ಸೇರಿದ ಕಡೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ‘ಸ್ಟಿಲ್ ಇನ್ ಲವ್ ವಿತ್ ಯೂ’ ಹಾಡಿನಲ್ಲಿ ಯಾರ ಗಿಟಾರ್ ಶ್ರೇಷ್ಠ? ಹಿನ್ನೆಲೆ ಹೀಗಿದೆ. 1974ರ ‘ನೈಟ್‌ಲೈಫ್’ ಆಲ್ಬಂನಲ್ಲಿರುವ ಈ ನಿಧಾನಗತಿಯ ಹಾಡಿಗೆ ಗಿಟಾರ್ ನುಡಿಸಿದವರು ಗ್ಯಾರಿ ಮೂರ್. ಹೊಸದಾಗಿ ಸೇರಿದ್ದ ರಾಬರ್ಟ್‌ಸನ್ ಅವರಿಗೆ ಅದನ್ನು ಮತ್ತೆ ನುಡಿಸಲು ಸೂಚಿಸಿದಾಗ, ಇದ್ದದ್ದೇ ಪರಿಪೂರ್ಣವಾಗಿದೆಯೆಂದು ಆ 18ರ ಹುಡುಗ ನಿರಾಕರಿಸಿದರು. ಆದರೆ ವೇದಿಕೆಯ ಮೇಲೆ ರಾತ್ರಿಯಿಂದ ರಾತ್ರಿಗೆ ಅದನ್ನು ನುಡಿಸುತ್ತ ಹೋದ ಅವರು 1978ರ ‘ಲೈವ್ ಆ್ಯಂಡ್ ಡೇಂಜರಸ್’ ಹೊತ್ತಿಗೆ ಹಾಡನ್ನು ಸಂಪೂರ್ಣ ತಮ್ಮದಾಗಿಸಿಕೊಂಡಿದ್ದರು. ಮೂರ್ ಅವರದು ಶೋಕವನ್ನು ಹದವಾಗಿ ಹಿಡಿದಿಟ್ಟ ವಾದನ; ರಾಬರ್ಟ್‌ಸನ್ ಅವರದು ಹಿಡಿದಿಡಲಾಗದೆ ಒಡೆದ ಶೋಕ. ಈ ಲೇಖಕನ ಮತ ಎರಡನೆಯದಕ್ಕೆ. ಮೂರ್ ಪಕ್ಷದವರು ಕ್ಷಮಿಸಲಿ.

‘ಲೈವ್ ಆ್ಯಂಡ್ ಡೇಂಜರಸ್’ ಸುತ್ತ ಇನ್ನೊಂದು ವಿವಾದವಿದೆ. ಲಂಡನ್, ಫಿಲಡೆಲ್ಫಿಯಾ, ಟೊರಾಂಟೊ ಕಚೇರಿಗಳಿಂದ ಸಂಕಲಿಸಿದ ಈ ಜೋಡಿ ಆಲ್ಬಂ ಬ್ರಿಟನ್ನಿನಲ್ಲಿ 2ನೇ ಸ್ಥಾನ ತಲುಪಿತು. ರಾಕ್ ಸಂಗೀತದ ಅತ್ಯುತ್ತಮ ಕಚೇರಿ ಮುದ್ರಿಕೆಗಳ ಸಾಲಿನಲ್ಲಿ ಇದರ ಹೆಸರು ತಪ್ಪುವುದೇ ಇಲ್ಲ. ಆದರೆ ನಿರ್ಮಾಪಕ ಟೋನಿ ವಿಸ್ಕಾಂಟಿ, ಇದರ ಬಹುಭಾಗವನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಲಾಯಿತೆಂದು ಹೇಳಿ ಅಭಿಮಾನಿಗಳ ಎದೆಗೆ ಕಲ್ಲು ಹಾಕಿದರು. ಗೋರಮ್ ಮತ್ತು ರಾಬರ್ಟ್‌ಸನ್ ಇದನ್ನು ಒಪ್ಪಲಿಲ್ಲ. ತಿದ್ದಿದ್ದು ಅಲ್ಪಸ್ವಲ್ಪವೆಂದೇ ಹೇಳುತ್ತ ಬಂದರು. ದಶಕಗಳ ಬಳಿಕ, 2023ರಲ್ಲಿ, ಆ ಮೂಲ ಕಚೇರಿಗಳ ಮುದ್ರಣಗಳು 8 ಸಿ.ಡಿ.ಗಳ ಪೆಟ್ಟಿಗೆಯಾಗಿ ಹೊರಬಂದವು. ಆಲ್ಬಂ ಒಂದು ಕಿವಿಗೆ, ಕಚೇರಿ ಇನ್ನೊಂದು ಕಿವಿಗೆ ಎಂಬಂತೆ ಹೋಲಿಸಿ ಕೇಳುವ ಕೆಲಸಕ್ಕೆ ಅಭಿಮಾನಿಗಳು ಕುಳಿತರು. ಹೊರಗಿನವರಿಗೆ ಇದು ಹುಚ್ಚೆನಿಸಬಹುದು. ಆದರೆ ಆ ರಾತ್ರಿಗಳಲ್ಲಿ ಆ ಬೆರಳುಗಳು ನಿಜವಾಗಿ ಹಾಗೆ ನುಡಿಸಿದ್ದವೇ ಎಂಬುದು ಅವರಿಗೆ ನಂಬಿಕೆಯ ಪ್ರಶ್ನೆ.

ರಾಬರ್ಟ್‌ಸನ್ 1978ರಲ್ಲಿ ಶಾಶ್ವತವಾಗಿ ಹೊರನಡೆದಾಗ ಮೂರ್ ಮೂರನೆಯ ಬಾರಿ ಬಂದರು, ಈ ಬಾರಿ ಕಾಯಂ ಸದಸ್ಯರಾಗಿ. ಫಲ, 1979ರ ‘ಬ್ಲ್ಯಾಕ್ ರೋಸ್’. ಇದು ಬ್ರಿಟನ್ನಿನಲ್ಲಿ 2ನೇ ಸ್ಥಾನ ಪಡೆಯಿತು. ಇದರ ಶೀರ್ಷಿಕೆ ಗೀತೆ ಏಳು ನಿಮಿಷಗಳ ದೀರ್ಘ ರಚನೆ. ಐರಿಷ್ ಪಿಟೀಲು, ಕೊಳಲುಗಳಲ್ಲಿ ನುಡಿಸುವ ಕುಣಿತದ ಧಾಟಿಗಳನ್ನು ಮೂರ್ ಇಲ್ಲಿ ಸಿಡಿಲ ವೇಗದಲ್ಲಿ ಗಿಟಾರಿಗೆ ಇಳಿಸಿದ್ದಾರೆ. ‘ಕಪ್ಪು ಗುಲಾಬಿ’ ಎಂಬುದು ಐರಿಷ್ ಕಾವ್ಯ ಪರಂಪರೆಯಲ್ಲಿ ಸ್ವತಃ ಐರ್ಲೆಂಡಿಗೆ ಸಂಕೇತ. ಉತ್ತರ ಐರ್ಲೆಂಡ್ ಹಿಂಸೆಯಲ್ಲಿ ಬೇಯುತ್ತಿದ್ದ ಆ ವರ್ಷಗಳಲ್ಲಿ ಬೆಲ್‌ಫಾಸ್ಟಿನ ಗಿಟಾರ್‌ವಾದಕ ಮತ್ತು ಡಬ್ಲಿನ್ನಿನ ಕವಿ ಸೇರಿ ಈ ಹಾಡನ್ನು ಕಟ್ಟಿದರೆಂಬುದನ್ನು ಐರಿಷ್ ಅಭಿಮಾನಿಗಳು ಮರೆಯುವುದಿಲ್ಲ. 1985ರಲ್ಲಿ ಇಬ್ಬರೂ ಸೇರಿ ಹಾಡಿದ ‘ಔಟ್ ಇನ್ ದ ಫೀಲ್ಡ್ಸ್’ ಆ ಹಿಂಸೆಯನ್ನೇ ನೇರವಾಗಿ ಕುರಿತದ್ದಾಗಿದ್ದು, 5ನೇ ಸ್ಥಾನಕ್ಕೇರಿತು.

ಆದರೆ 1979ರ ಅಮೆರಿಕ ಪ್ರವಾಸದ ನಡುವೆಯೇ ಮೂರ್ ಬಿಟ್ಟುಹೋದರು. ಬಳಗದೊಳಗಿನ ಮಾದಕ ವ್ಯಸನ ಅವರಿಗೆ ಸಹನೆಯಾಗಿರಲಿಲ್ಲ. ಆ ತೆರವನ್ನು ತಾತ್ಕಾಲಿಕವಾಗಿ ತುಂಬಿದವರು ಮಿಜ್ ಯೂರ್. ಅವರೇ ಮುಂದೆ ಬಾಬ್ ಗೆಲ್ಡಾಫ್ ಜೊತೆ ಇಥಿಯೋಪಿಯಾದ ಕ್ಷಾಮಪೀಡಿತರಿಗಾಗಿ ಹಾಡು ರಚಿಸಿ ಹೆಸರಾದರು. 1985ರ ಲೈವ್ ಏಡ್ ವೇದಿಕೆಯಲ್ಲಿ ಲೈನಟ್ ಅವರಿಗೆ ಜಾಗ ದೊರೆಯಲಿಲ್ಲವೆಂಬ ನೋವು ಅಭಿಮಾನಿಗಳಲ್ಲಿ ಇಂದಿಗೂ ಆರಿಲ್ಲ.

ಮುಂದೆ ಬಂದ ಸ್ನೋಯಿ ವೈಟ್ ಸೌಮ್ಯ ಸ್ವಭಾವದ ಬ್ಲೂಸ್ ವಾದಕ. ಪಿಂಕ್ ಫ್ಲಾಯ್ಡ್ ಕಚೇರಿಗಳಲ್ಲಿ ನುಡಿಸಿದ್ದವರು. ಎರಡು ಆಲ್ಬಂಗಳಲ್ಲಿ ಅವರಿದ್ದಾರೆ. ಈ ಬಿರುಸಿನ ಬಳಗಕ್ಕೆ ಅವರು ಹೊಂದಲಿಲ್ಲವೆಂಬ ಸಾಮಾನ್ಯ ಮಾತಿನಲ್ಲಿ ಸತ್ಯವಿದ್ದರೂ, ‘ರೆನೆಗೇಡ್’ ಹಾಡನ್ನು ಕೇಳಿದವರು ಅಷ್ಟು ಸುಲಭವಾಗಿ ತೀರ್ಪು ಕೊಡಲಾರರು. 1982ರಲ್ಲಿ ಸೇರಿದ ಜಾನ್ ಸೈಕ್ಸ್ ಇದಕ್ಕೆ ತದ್ವಿರುದ್ಧ: 23ರ ಹರೆಯದ ಮಿಂಚು. 1983ರ ‘ಥಂಡರ್ ಆ್ಯಂಡ್ ಲೈಟ್ನಿಂಗ್’ ಬಳಗದ ಅತ್ಯಂತ ಗಡುಸಾದ ಆಲ್ಬಂ ಆದದ್ದು ಅವರಿಂದ. ಆ ವಿದಾಯ ಪ್ರವಾಸದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ವೇದಿಕೆಗೆ ಬೆಲ್, ಮೂರ್, ರಾಬರ್ಟ್‌ಸನ್ ಮೂವರೂ ಮರಳಿ ಬಂದು, ಗೋರಮ್ ಮತ್ತು ಸೈಕ್ಸ್ ಜೊತೆ ನುಡಿಸಿದರು. ಜಗಳವಾಡಿ ಬಿಟ್ಟುಹೋದವರು ಕೊನೆಗೆ ಹಬ್ಬಕ್ಕೆ ಮನೆಗೆ ಬಂದಂತೆ.

ಹೆಸರು ಯಾರದು?

1986ರ ಜನವರಿ 4ರಂದು ಲೈನಟ್ ತೀರಿಕೊಂಡರು. ವಯಸ್ಸು 36. ಹೆರಾಯಿನ್ ವ್ಯಸನ ದೇಹವನ್ನು ಒಳಗಿನಿಂದ ತಿಂದುಹಾಕಿತ್ತು. ಡಬ್ಲಿನ್ ಹೊರವಲಯದ ಸಟನ್‌ನಲ್ಲಿರುವ ಸೇಂಟ್ ಫಿಂಟನ್ಸ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಮರುವರ್ಷದಿಂದಲೇ ಅದೇ ದಿನ ಡಬ್ಲಿನ್‌ನಲ್ಲಿ ‘ವೈಬ್ ಫಾರ್ ಫೈಲೋ’ ಎಂಬ ಸ್ಮರಣ ಕಚೇರಿ ಆರಂಭವಾಯಿತು. ಅಲ್ಲಿ ನುಡಿಸುವ ಯುವಕರಲ್ಲಿ ಬಹಳ ಮಂದಿ ಲೈನಟ್ ಸತ್ತ ಮೇಲೆ ಹುಟ್ಟಿದವರು. ಐರ್ಲೆಂಡಿನ ಅಂಚೆ ಇಲಾಖೆ 2002ರಲ್ಲಿ ಅವರ ಅಂಚೆಚೀಟಿ ಹೊರತಂದಿತು. 2019ರಲ್ಲಿ, ಅವರ ಎಪ್ಪತ್ತನೆಯ ಹುಟ್ಟುಹಬ್ಬದ ವರ್ಷ, ಕೇಂದ್ರ ಬ್ಯಾಂಕ್ 15 ಯೂರೋಗಳ ಬೆಳ್ಳಿ ನಾಣ್ಯ ಹೊರಡಿಸಿತು. ಹರೆಯದ ಮಗನನ್ನು ಕಳೆದುಕೊಂಡ ಮೇಲೆ ಅವನ ಅಭಿಮಾನಿಗಳನ್ನೇ ಮಕ್ಕಳಂತೆ ಕಂಡ ತಾಯಿ ಫಿಲೊಮಿನಾ ಅದೇ ವರ್ಷ ಜೂನ್‌ನಲ್ಲಿ ನಿಧನರಾದರು.

ಲೈನಟ್ ಇಲ್ಲದೆ ಲಿಜ್ಜಿ ಇರಬಹುದೇ? ಅಭಿಮಾನಿಗಳನ್ನು ನಿಜವಾಗಿ ಇಬ್ಭಾಗ ಮಾಡಿದ ಪ್ರಶ್ನೆ ಇದು. 1996ರಲ್ಲಿ ಸೈಕ್ಸ್ ಮತ್ತು ಗೋರಮ್ ಅದೇ ಹೆಸರಿನಲ್ಲಿ ಕಚೇರಿಗಳನ್ನು ಮತ್ತೆ ಆರಂಭಿಸಿದರು, ಹಾಡಿದವರು ಸೈಕ್ಸ್. ಹಾಡುಗಳು ಬದುಕಿರಬೇಕಾದರೆ ಯಾರಾದರೂ ನುಡಿಸಲೇಬೇಕಲ್ಲವೆಂದು ಒಂದು ಪಕ್ಷ. ಬಾಡಿಗೆ ಮನೆಗೆ ಯಜಮಾನನ ಹೆಸರಿನ ಫಲಕ ಹಾಕಿದಂತಾಯಿತೆಂದು ಇನ್ನೊಂದು. 2010ರ ಬಳಿಕ ಉತ್ತರ ಐರ್ಲೆಂಡಿನ ರಿಕಿ ವಾರ್ವಿಕ್ ಗಾಯಕರಾದಾಗ ಕಚೇರಿಗಳು ತುಂಬಿ ತುಳುಕಿದವು. ಹೊಸ ಹಾಡುಗಳು ಸಿದ್ಧವಾದವು. ಆಗ ಗೋರಮ್ ಮತ್ತು ಸಂಗಡಿಗರು ತೆಗೆದುಕೊಂಡ ನಿರ್ಧಾರ ಗೌರವಕ್ಕೆ ಅರ್ಹವಾದುದು. ಲೈನಟ್ ಬರೆಯದ ಹಾಡಿಗೆ ಲಿಜ್ಜಿಯ ಹೆಸರಿಡುವುದಿಲ್ಲವೆಂದು ತೀರ್ಮಾನಿಸಿ, 2013ರ ಆಲ್ಬಂ ಅನ್ನು ‘ಬ್ಲ್ಯಾಕ್ ಸ್ಟಾರ್ ರೈಡರ್ಸ್’ ಎಂಬ ಹೊಸ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಮಾರುಕಟ್ಟೆಯಲ್ಲಿ ಬೆಲೆಬಾಳುವ ಹೆಸರನ್ನು ಕೈಯಾರೆ ಕೆಳಗಿಟ್ಟವರು ಆ ಕ್ಷೇತ್ರದಲ್ಲಿ ಅಪರೂಪ.

ಇತ್ತ ಜೋಡಿ ಗಿಟಾರಿನ ಕ್ರಮ ಮಾತ್ರ ಯಾರ ಅಪ್ಪಣೆಗೂ ಕಾಯದೆ ಹರಡಿತು. ಐರನ್ ಮೇಡನ್ ಬಳಗದ ನಾಯಕ ಸ್ಟೀವ್ ಹ್ಯಾರಿಸ್ ತಮ್ಮ ಮೇಲಾದ ಪ್ರಭಾವಗಳಲ್ಲಿ ಲಿಜ್ಜಿಯನ್ನು ಹೆಸರಿಸಿದ್ದಾರೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಡನ್ ಕಚೇರಿಗೆ ನೆರೆದ ಸಾವಿರಾರು ಯುವಕರು ದನಿಗೂಡಿಸಿದ್ದು ಇದೇ ಬಗೆಯ ಜೋಡಿ ಗಿಟಾರಿಗೆ. 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಮೆಟಾಲಿಕಾ ಬಂದಿತ್ತು. ಆ ಬಳಗದ ಕರ್ಕ್ ಹ್ಯಾಮೆಟ್ ಬಳಿ 2014ರಿಂದ ಇರುವ 1959ರ ಲೆಸ್ ಪಾಲ್ ಗಿಟಾರ್, ಒಂದು ಕಾಲಕ್ಕೆ ಗ್ಯಾರಿ ಮೂರ್ ಅವರದಾಗಿತ್ತು. ಮೂರ್ ಅದನ್ನು ಕೊಂಡದ್ದು ತಮ್ಮ ಆರಾಧ್ಯ ವಾದಕ ಪೀಟರ್ ಗ್ರೀನ್ ಅವರಿಂದ.

ಮೂರ್ 2011ರ ಫೆಬ್ರವರಿ 6ರಂದು, 58ನೇ ವಯಸ್ಸಿನಲ್ಲಿ, ಸ್ಪೇನ್‌ನಲ್ಲಿ ತೀರಿಕೊಂಡರು. ಸೈಕ್ಸ್ ಕ್ಯಾನ್ಸರಿನಿಂದ ನಿಧನರಾದ ಸುದ್ದಿ 2025ರ ಜನವರಿಯಲ್ಲಿ ಹೊರಬಿತ್ತು. ಅದೇ ಜನವರಿಯಲ್ಲಿ ಇನ್ನೊಂದು ಆಲ್ಬಂ ಬಿಡುಗಡೆಯಾಯಿತು: ‘ದ ಅಕೌಸ್ಟಿಕ್ ಸೆಷನ್ಸ್’. ಮೊದಲ ವರ್ಷಗಳ ಮುದ್ರಣಗಳಿಂದ ಲೈನಟ್ ಅವರ ದನಿಯನ್ನೂ ಡೌನಿಯವರ ಡ್ರಮ್ಸನ್ನೂ ಬಿಡಿಸಿ ತೆಗೆದು, ಅದರ ಜೊತೆಗೆ ಹೊಸದಾಗಿ ವಿದ್ಯುತ್ ಇಲ್ಲದ ಗಿಟಾರ್ ನುಡಿಸಲಾಗಿದೆ. ನುಡಿಸಿದವರು, 1973ರ ಕೊನೆಯ ರಾತ್ರಿ ಬೆಲ್‌ಫಾಸ್ಟ್‌ನಲ್ಲಿ ಗಿಟಾರ್ ಎಸೆದು ಹೋಗಿದ್ದ ಎರಿಕ್ ಬೆಲ್.